ಖಾಲಿ ಮೊಳೆ, ಕೆಂಪು ಬಸ್ಸು

ನನಗೆ ಆಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಹುಟ್ಟಿದ ದಿನ ಯಾರೂ ಬರೆದಿಟ್ಟಿಲ್ಲ, ಅದಕ್ಕೇ ಒಂದು ವರ್ಷ ಹಿಂದೆ ಮುಂದೆ. ಈಗ ಐವತ್ತು ವರ್ಷದ ಮೇಲಾಯಿತು. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಅಂತಲೇ ಹೆಸರಿತ್ತು.

ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯ ಮಗ್ಗುಲಿಗೆ ಒಂದು ಪರ್ಸಿ ಖಣಿ, ಹಾಸುಗಲ್ಲು ತೆಗೆಯುವ ಜಾಗ. ಅದರ ದಂಡೆಗೇ ನಮ್ಮ ಮನೆ. ಗೋಡೆ ಪರ್ಸಿ, ಮೇಲೆ ಹೊದಿಸಿದ್ದು ಪರ್ಸಿ, ನಾನು ರೊಟ್ಟಿ ಬಡಿಯುತ್ತಿದ್ದುದೂ ಪರ್ಸಿಯ ಮೇಲೆ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಇನ್ನೂ ಹಲ್ಲು ಬರದ ಮಗಳು. ಗಂಡ ಖಣಿಯ ತಳದಲ್ಲಿ ಹಾರೆ ಹಾಕಿ ಪದರಗಲ್ಲು ಎಬ್ಬಿಸುತ್ತಿದ್ದ. ಅವನಿಗೆ ಜೊತೆಯವರ ಗಲಾಟೆ ಆಗಿಬರುತ್ತಿರಲಿಲ್ಲ. ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಕೊಟ್ಟ ಬಡಗಣ ಮೂಲೆಯಲ್ಲಿ ಒಬ್ಬನೇ ಕೆಲಸ ಮಾಡುತ್ತಿದ್ದ.

ಖಣಿಯ ಬಾಗಿಲಿಗೆ ಒಂದು ಹಲಗೆ ನಿಲ್ಲಿಸಿದ್ದರು. ಹಲಗೆಯ ತುಂಬ ಮೊಳೆ, ಒಂದೊಂದು ಮೊಳೆಗೆ ಒಂದೊಂದು ತೂತಿನ ಹಿತ್ತಾಳೆ ಬಿಲ್ಲೆ. ಮುಂಜಾನೆ ಇಳಿಯುವವನು ತನ್ನ ಬಿಲ್ಲೆ ತೆಗೆದು ಕಿಸೆಗೆ ಹಾಕಿಕೊಂಡು ಇಳಿಯಬೇಕು. ಸಂಜೆ ಹತ್ತಿ ಬಂದವನು ಮತ್ತೆ ಅಲ್ಲೇ ಸಿಗಿಸಿ ಮನೆಗೆ ಹೋಗಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಒಳಗಿದ್ದಾನೆ ಅಂತ ಲೆಕ್ಕ.

ಮೊದಲಿದ್ದ ಕಾರಕೂನ ಪ್ರತಿ ಮೊಳೆಯ ಕೆಳಗೆ ಒಂದು ಚಿತ್ರ ಬರೆಸಿದ್ದ. ಓದು ಬಂದವರು ಯಾರಿದ್ದರು ಅಲ್ಲಿ? ಮೀನು, ತಕ್ಕಡಿ, ಎತ್ತು, ಚೇಳು. ನನ್ನ ಗಂಡನದು ಗಿಳಿ. ಬಿಲ್ಲೆಯ ಮೇಲೂ ಅದನ್ನೇ ಕೊರೆದಿದ್ದರು. ಹೆಂಗಸರನ್ನೂ ಅದರಿಂದಲೇ ಕರೆಯುತ್ತಿದ್ದರು. ನಾನು ಗಿಳಿಯಾಕಿ, ಪಕ್ಕದ ಮನೆಯವಳು ಚೇಳಿನಾಕಿ. ಆಕೆಯ ಬಾಯಿಗೆ ಅದು ಸರಿಯಾಗಿ ಹೊಂದುತ್ತಿತ್ತು. ಆಮೇಲೆ ಬಂದ ಕಾರಕೂನ ಹಲಗೆಗೆ ಸುಣ್ಣ ಹೊಡೆಸಿ ಅಂಕಿ ಬರೆಸಿದ. ಬಿಲ್ಲೆಗಳ ಬೆನ್ನಿಗೂ ಅಂಕಿ ಹೊಡೆಸಿದ. ಜನ ಗೊಣಗಿದರು, ಆಮೇಲೆ ತಮ್ಮ ಮೊಳೆ ಎಲ್ಲಿದೆ ಅಂತ ಜಾಗ ನೋಡಿ ಕಲಿತರು. ಅವನು ಕೆಟ್ಟವನೇನಲ್ಲ. ಅವನಿಗೆ ಗಿಳಿ ನೋಡಿದರೆ ಗಿಳಿಯೇ ಕಾಣುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ. ಅಂಕಿ ನೋಡಿದರೆ ಮನುಷ್ಯ ಕಾಣುತ್ತಿದ್ದ.

ನನ್ನದು ಉಲ್ಟಾ. ನನಗೆ ಆಗ ಒಂದು ಅಕ್ಷರವೂ ಬರುತ್ತಿರಲಿಲ್ಲ. ತಲೆಯೊಳಗೆ ಏನು ಬಂದರೂ ಚಿತ್ರವಾಗಿಯೇ ಬರುತ್ತಿತ್ತು. ಯಾರಾದರೂ ಬಾವಿ ಅಂದರೆ ನನ್ನ ತವರಿನ ಬಾವಿ, ಅದರ ಮುರಿದ ಮೆಟ್ಟಿಲು ಸಮೇತ. ನಾಯಿ ಅಂದರೆ ಒಂದು ಕಿವಿ ಹರಿದ ನಾಯಿ. ಎಲ್ಲರಿಗೂ ಹಾಗೇ ಅಂತ ತಿಳಿದಿದ್ದೆ.

ನಾನು ಹೇಳಹೊರಟ ದಿನದ ಹಿಂದಿನ ಸಂಜೆ ಚಿಂಚೋಳಿ ಕಡೆಯಿಂದ ತೊಗರಿ ಹೇರಿಕೊಂಡು ಬಂದ ಲಾರಿಯವನು ಖಣಿಯ ರಸ್ತೆಯಲ್ಲಿ ನಿಂತು ನನ್ನ ಗಂಡನನ್ನು ಕೂಗಿದ. ಇವನ ಅಕ್ಕನನ್ನು ಆ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಆಕೆಗೆ ಮೈಯಲ್ಲಿ ಆರಾಮಿಲ್ಲ, ತಮ್ಮನನ್ನು ನೆನೆಸುತ್ತಿದ್ದಾಳೆ ಅಂತ ಹೇಳಿದ. ಇವನು ಹಾಗೇ ದಿಕ್ಕುಗೆಟ್ಟು ಮನೆಗೆ ಬಂದ.

"ನಾಳಿ ಹೋಗಿ ನೋಡಿ ಬಾ" ಅಂದೆ.

"ಮುಕಾದಮ ನಾಳಿ ಬರಾಕೇ ಬೇಕು ಅಂದಾನ. ಗಾಡಿ ತುಂಬೋದದ."

"ಮುಕಾದಮಗ ಅಕ್ಕ ತಂಗೇರಿಲ್ಲೇನು?"

"ನಿನಗೇನ್ ಗೊತ್ತು? ಒಂದಿನಾ ಬಿಟ್ರ ಮೂಲಿ ಮತ್ತೊಬ್ಬಗ ಕೊಡ್ತಾನ."

"ಹಂಗಾದ್ರ ಹೋಗಬ್ಯಾಡ."

"ನೋಡ್ತೀನಿ, ನೋಡ್ತೀನಿ."

ಅದೇ ಕೊನೆಯ ಮಾತು. ಮುಂಜಾನೆ ಕತ್ತಲು ಹರಿಯುವ ಮೊದಲೇ ನಾನು ಚೇಳಿನಾಕಿಯ ಜೊತೆ ನೀರಿಗೆ ಹೋದೆ. ಹೊಳ್ಳಿ ಬಂದಾಗ ಅವನಿಲ್ಲ. ರೊಟ್ಟಿಯ ಗಂಟೂ ಇಲ್ಲ. ಅತ್ತೆಗೆ ಕಣ್ಣು ಮಂದ. "ಹ್ವಾದ" ಅಂದಳು, ಅಷ್ಟೇ. ಖಣಿಗೆ ಹೋದರೂ ರೊಟ್ಟಿ ಒಯ್ಯಬೇಕು, ಅಕ್ಕನ ಊರಿಗೆ ಹೋದರೂ ಒಯ್ಯಬೇಕು. ನಾನು ಹೆಚ್ಚು ವಿಚಾರ ಮಾಡಲಿಲ್ಲ. ಕೆಲಸ ಬಿದ್ದಿತ್ತು.

ಬಿಸಿಲು ಏರುವ ಹೊತ್ತಿಗೆ ಸದ್ದಾಯಿತು. ಖಣಿಯಲ್ಲಿ ಮದ್ದು ಹಾರಿಸುವುದು ಮಧ್ಯಾಹ್ನ, ಅದೂ ಸೀಟಿ ಊದಿದ ಮೇಲೆ. ಇದು ಆ ಸದ್ದಲ್ಲ. ಹೊಟ್ಟೆ ತುಂಬಿದ ಎಮ್ಮೆ ಮಲಗಿದ ಹಾಗೆ, ಮೆತ್ತಗೆ, ಉದ್ದಕ್ಕೆ. ಒಂದು ವಾರ ಮಳೆ ಹೊಡೆದು ಬಿಟ್ಟಿತ್ತು. ಕಲ್ಲಿನ ಮೇಲಿನ ಎರೆ ಮಣ್ಣು ನೀರು ಕುಡಿದು, ಬಿಸಿಲಿಗೆ ಬಿರಿದು ನಿಂತಿತ್ತು. ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಇತ್ತು. ಓಡಿದೆ.

ಬಡಗಣ ಮೂಲೆ ಕುಸಿದಿತ್ತು. ಅವನ ಮೂಲೆ.

ಗಂಡಸರು ಹತ್ತಿ ಹತ್ತಿ ಬರುತ್ತಿದ್ದರು. ಮೈಯೆಲ್ಲ ಮಣ್ಣು, ಮುಖ ಗುರುತು ಸಿಗುತ್ತಿರಲಿಲ್ಲ. ಹೆಂಗಸರು ಅವರ ತೋಳು ಹಿಡಿದು ತಿರುಗಿಸಿ ನೋಡುತ್ತಿದ್ದರು, ಸಂತೆಯಲ್ಲಿ ಎತ್ತು ನೋಡಿದ ಹಾಗೆ. ನಾನೂ ಇಬ್ಬರು ಮೂವರನ್ನು ತಿರುಗಿಸಿದೆ. ಒಬ್ಬನು "ನಾ ಅಲ್ಲ ಯವ್ವಾ" ಅಂದ.

ಕಾರಕೂನ ಹಲಗೆಯ ಹತ್ತಿರ ನಿಂತು ಬಂದವರ ಬಿಲ್ಲೆ ಈಸಿಕೊಂಡು ಮೊಳೆಗೆ ಸಿಗಿಸಿದ. ಹಲಗೆ ತುಂಬುತ್ತಾ ಬಂತು. ಕೊನೆಗೆ ಒಂದು ಮೊಳೆ ಉಳಿಯಿತು. ಜಾಗ ನನಗೆ ಗೊತ್ತಿತ್ತು, ಸುಣ್ಣದ ಕೆಳಗೆ ಗಿಳಿಯ ಬಾಲ ಇನ್ನೂ ಹಸಿರಾಗಿ ಮೂಡಿತ್ತು.

"ಒಂದು ಕಮ್ಮಿ" ಅಂದ ಕಾರಕೂನ.

ಅವನ ದನಿಯಲ್ಲಿ ಅಂಜಿಕೆ ಇರಲಿಲ್ಲ. ಅವನಿಗೆ ಒಂದು ಕಮ್ಮಿ ಅಂದರೆ ಒಂದು ಕಮ್ಮಿ. ನನಗೆ ಮಣ್ಣಿನ ಕೆಳಗೆ ಒಂದು ಕೈ ಕಂಡಿತು. ಹೆಬ್ಬೆರಳಿನ ಉಗುರು ಕಪ್ಪಗೆ, ಹಾರೆ ಬಡಿದು ಸತ್ತ ಉಗುರು. ಅದು ಅಲುಗುತ್ತಿತ್ತು. ಯಾರೂ ತೋರಿಸದೆ, ಯಾರೂ ಹೇಳದೆ ಅದನ್ನು ನಾನು ಕಂಡೆ. ಅಲ್ಲೇ ಮಣ್ಣಲ್ಲಿ ಕೂತೆ.

ಮುಕಾದಮ ಬಂದ. "ಏ ತಂಗಿ, ನಿನ್ನ ಗಂಡ ಇವತ್ತ ಇಳ್ದಾನೇನು? ಖರೇ ಹೇಳು. ಮ್ಯಾಲಿನ ಮಣ್ಣು ಇನ್ನಾ ಜೋತು ಬಿದ್ದದ. ಒಳಗ ಮಂದೀನ ಕಳಸಬೇಕಂದ್ರ ಅವ ಅಲ್ಲಿದ್ದಾನಂತ ಖಾತ್ರಿ ಆಗಬೇಕು."

ನಾನೂ ಕತ್ತೆತ್ತಿ ನೋಡಿದೆ. ಮನೆಯಷ್ಟು ದೊಡ್ಡ ಮಣ್ಣಿನ ಗೋಡೆ, ಕೆಳಗೆ ಏನೂ ಆಸರೆ ಇಲ್ಲದೆ ಬಗ್ಗಿ ನಿಂತಿತ್ತು. ಅದರ ಕೆಳಗೆ ಆರು ಮಂದಿ ಆಗಲೇ ಹಾರೆ ಹಿಡಿದು ಇಳಿಯಲು ತಯಾರಾಗಿದ್ದರು. ಎಲ್ಲರಿಗಿಂತ ಮುಂದೆ ಚೇಳಿನಾಕಿಯ ಗಂಡ. ನಾನು ಇದ್ದಾನೆ ಅಂದರೆ ಅವರು ಇಳಿಯುತ್ತಾರೆ, ಗೋಡೆ ಅವರ ಮೇಲೆ ಬೀಳಬಹುದು. ನಾನು ಇಲ್ಲ ಅಂದರೆ ಅವರು ನಿಲ್ಲುತ್ತಾರೆ, ನನ್ನ ಗಂಡ ಒಳಗಿದ್ದರೆ ಉಸಿರು ಕಟ್ಟಿ ಸಾಯುತ್ತಾನೆ.

ಆಗ ನನಗೆ ಬಸ್ಸು ಕಂಡಿತು. ಅಕ್ಕನ ಊರಿನ ಕಡೆ, ಸೇಡಮ್ಮಿಗೆ ಹೋಗುವ ಕೆಂಪು ಬಸ್ಸು. ಡ್ರೈವರನ ಮಗ್ಗುಲಿಗೆ ಮುಂದಿನ ಮೆಟ್ಟಿಲ ಮೇಲೆ ನನ್ನ ಗಂಡ ಸಲಾಕೆ ಹಿಡಿದು ನಿಂತಿದ್ದಾನೆ. ತಲೆಗೆ ಕೆಂಪು ರುಮಾಲು, ಹೆಗಲಿಗೆ ರೊಟ್ಟಿಯ ಗಂಟು. ಗಾಳಿಗೆ ಧೋತರ ಹಾರುತ್ತಿದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಅವ ಒಳಗಿಲ್ಲರಿ" ಅಂದೆ. "ಅಕ್ಕನ ಊರಿಗೆ ಹೋಗ್ಯಾನ. ಬಸ್ಸು ಹತ್ತೋದು ನಾ ನೋಡೀನಿ."

ಸುಳ್ಳು ಹೇಳಲಿಲ್ಲ ನಾನು. ನೋಡಿದೆ ಅಂತಲೇ ತಿಳಿದೆ.

"ಯಾವಾಗ ನೋಡ್ದಿ?" ಅಂದಳು ಚೇಳಿನಾಕಿ. ನನ್ನ ಪಕ್ಕವೇ ಕೂತಿದ್ದಳು. "ಬಸ್ಸಿನ ಹೊತ್ತಿಗೆ ನೀ ನನ್ನ ಜೋಡಿ ಬಾವಿಮ್ಯಾಲಿದ್ದಿ. ನಿನ್ನ ಕೊಡಾ ನಾನೇ ಎತ್ತಿ ತಲಿಮ್ಯಾಲ ಇಟ್ಟೀನಿ."

ಆಕೆ ಸುಮ್ಮನಿದ್ದಿದ್ದರೆ ಆಕೆಯ ಗಂಡ ಹೊರಗೆ ಉಳಿಯುತ್ತಿದ್ದ. ಅದು ಹೊಳೆಯದೆ ಹೇಳಿದಳೋ, ಹೊಳೆದೂ ಹೇಳಿದಳೋ, ನಾನು ಯಾವತ್ತೂ ಕೇಳಿಲ್ಲ.

ಬಸ್ಸು ಕಣ್ಣೆದುರು ಇದ್ದ ಹಾಗೇ ಇತ್ತು, ಬಣ್ಣ ಕೂಡ ಮಾಸಲಿಲ್ಲ. ಆದರೆ ಅದು ಎಲ್ಲಿಯದು, ಯಾವಾಗಿನದು ಅಂತ ನನಗೆ ಹೇಳಲು ಬರಲಿಲ್ಲ. ಕೈಯ ಚಿತ್ರ, ಬಸ್ಸಿನ ಚಿತ್ರ, ಎರಡೂ ಒಂದೇ ಸಮ ನಿಚ್ಚಳ. ಎರಡನ್ನೂ ನಾನು ನೋಡಿಲ್ಲ. ಅಷ್ಟು ಅಂಜಿಕೆ ನನಗೆ ಹೆರುವಾಗಲೂ ಆಗಿರಲಿಲ್ಲ. ನನ್ನ ಕಣ್ಣನ್ನೇ ನಂಬುವಂತಿಲ್ಲ ಅಂದರೆ ಮತ್ತೇನನ್ನು ನಂಬುವುದು?

ಅಷ್ಟರಲ್ಲಿ ಖಣಿಯಿಂದ ಹತ್ತಿ ಬಂದ ಒಬ್ಬ ಮುದುಕ, "ಕೆಂಪು ರುಮಾಲು ನಾ ನೋಡೀನಪಾ, ಆ ಮೂಲ್ಯಾಗ" ಅಂದ. ಅವನು ದಿನಾ ನೋಡುತ್ತಿದ್ದ ರುಮಾಲು, ಕಂಡದ್ದು ಇವತ್ತೋ ನಿನ್ನೆಯೋ ಯಾರು ಬಲ್ಲರು. ಆದರೆ ಆ ಮಾತು ಬಿದ್ದದ್ದೇ ತಡ, ಮೊಳೆಯೂ ಹೇಳಿತು, ಮುದುಕನೂ ಹೇಳಿದ ಅಂತ ಆರು ಮಂದಿ ಇಳಿದರು. ಚೇಳಿನಾಕಿ ಸೆರಗು ಕಚ್ಚಿಕೊಂಡಳು. ಬೈಯಲಿಲ್ಲ. ಆಕೆ ಬೈಯದೆ ಇದ್ದದ್ದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು.

ನಾನು ಮನೆಗೆ ಓಡಿದೆ. ಊರಿಗೆ ಹೋಗುವುದಾದರೆ ಒಳ್ಳೆಯ ಅಂಗಿ ಹಾಕಿಕೊಂಡು ಹೋಗುತ್ತಾನೆ. ಗೂಟದ ಮೇಲೆ ಯಾವ ಅಂಗಿ ಇದೆ, ಈ ಸಲ ತಲೆಯಲ್ಲಲ್ಲ, ಕಣ್ಣಿನಿಂದ ನೋಡಬೇಕು ಅಂತ.

ಅತ್ತೆ ಬಾಗಿಲಲ್ಲಿ ಕೂತಿದ್ದಳು. ಮಗು ಚೀರುತ್ತಿತ್ತು. ದಾಟಿ ಹೋಗುತ್ತಾ ಮಗುವನ್ನು ಎತ್ತಿ ಬಗಲಿಗೆ ಹಾಕಿಕೊಂಡೆ. ಮುಂಗೈಗೆ ತಣ್ಣಗೆ ಏನೋ ಹತ್ತಿತು. ಸೊಂಟದ ಉಡದಾರ ನೋಡಿದೆ. ಹಿತ್ತಾಳೆ ಬಿಲ್ಲೆ. ಗಿಳಿ.

"ಅತ್ತಿ, ಇದು ಎಲ್ಲಿಂದ ಬಂತು?"

"ಯಾಕ ಒದರ್ತಿ? ನಾನೇ ಕಟ್ಟೀನಿ. ನಿನ್ನಿ ರಾತ್ರಿ ಅವನ ಅಂಗಿ ಕಿಸೇದಾಗ ಇತ್ತು."

"ನಿನ್ನಿ ರಾತ್ರಿ?"

"ಮದ್ದಿನ ಸಪ್ಪಳಕ್ಕ ಕೂಸು ದಿನಾ ಬೆಚ್ಚಿ ಬೀಳ್ತದ. ತಾಯಿತ ತಾ ತಾ ಅಂತ ಎಷ್ಟು ಸಲ ಅಂದೀನಿ ನಿನಗ? ಇದು ದಿನಾ ಭೂಮ್ಯಾಗ ಇಳೀತದ, ಜೀವಂತ ಹೊಳ್ಳಿ ಬರ್ತದ. ಇದಕ್ಕಿಂತ ಚೊಲೋ ತಾಯಿತ ಯಾವುದದ?"

ಗೂಟದ ಮೇಲೆ ಎರಡು ಅಂಗಿ ಒಂದರ ಮೇಲೊಂದು ಇದ್ದವು. ಮೇಲಿನದು ಹಳೆಯದು. ಕೆಳಗಿನದು ಒಳ್ಳೆಯದೋ ಕೆಲಸದ್ದೋ, ಬಿಲ್ಲೆ ಸಿಕ್ಕ ಮೇಲೆ ಮುಟ್ಟಿ ನೋಡಲು ನನಗೆ ತಾಳ್ಮೆ ಇರಲಿಲ್ಲ. ಮಗುವನ್ನು ಬಗಲಲ್ಲಿಟ್ಟುಕೊಂಡೇ ಹೊಳ್ಳಿ ಓಡಿದೆ.

ಓಡುತ್ತಾ ಓಡುತ್ತಾ ಒಂದು ಮಾತು ತಿಳಿಯಿತು. ನಿನ್ನೆ ಸಂಜೆ ಲಾರಿಯವನು ಕೂಗಿದ್ದಕ್ಕೆ ಇವನು ಬಿಲ್ಲೆ ಸಿಗಿಸುವುದನ್ನು ಮರೆತು ಬಂದಿದ್ದಾನೆ. ಮೊಳೆ ರಾತ್ರಿಯಿಂದಲೇ ಖಾಲಿ, ಕಾರಕೂನನೂ ಗಮನಿಸಿಲ್ಲ. ಮೊಳೆ ಸುಳ್ಳು ಹೇಳಿಲ್ಲ. ಬಿಲ್ಲೆ ಇಲ್ಲಿಲ್ಲ ಅಂತ ಮಾತ್ರ ಅದು ಹೇಳಿತ್ತು. ಮನುಷ್ಯ ಮಣ್ಣಲ್ಲಿದ್ದಾನೆ ಅಂತ ಓದಿಕೊಂಡವರು ನಾವು.

ಈಗ ಇದನ್ನು ಬರೆಯುವಾಗ ಒಂದು ಹೇಳಬೇಕು. ನನಗೆ ಅಕ್ಷರ ಬಂದದ್ದು ನಡು ವಯಸ್ಸಿನಲ್ಲಿ, ಸಂಜೆ ಶಾಲೆಯಲ್ಲಿ. ಮೊದಮೊದಲು ಕಲ್ಲು ಅಂತ ಬರೆದರೆ ಕಲ್ಲು ಕಾಣುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಬರೆದು ಬರೆದು ಆಮೇಲೆ ಕಾಣುವುದು ನಿಂತಿತು. ಬರೀ ಗೆರೆ. ಹಾಗಾಗಿಯೇ ಈಗ ಇದನ್ನು ಬರೆಯಲು ಕೈ ಬರುತ್ತಿದೆ, ಇಲ್ಲದಿದ್ದರೆ ಬರುತ್ತಿರಲಿಲ್ಲ. ಮೊನ್ನೆ ಮೊಮ್ಮಗಳು ಫೋನು ತಂದು, "ಅಮ್ಮಾ, ಇದಕ್ಕ ಏನ್ ಹೇಳಿದ್ರೂ ಚಿತ್ರ ತಗೀತದ" ಅಂದಳು. ಪರ್ಸಿ ಖಣಿ ಕುಸಿದದ್ದು ತೆಗಿ ಅನ್ನು ಅಂದೆ. ತೆಗೆಯಿತು. ಮಣ್ಣು, ಕಲ್ಲು, ತಲೆಗೆ ಹಳದಿ ಟೊಪ್ಪಿಗೆ ಹಾಕಿಕೊಂಡ ಮಂದಿ. ಭಾಳ ನಿಚ್ಚಳ. ನಮ್ಮ ಖಣಿಯಲ್ಲಿ ಟೊಪ್ಪಿಗೆ ಯಾರಿಗಿತ್ತು?

"ಇದು ಎಂದಾರ ಖಣಿ ನೋಡ್ಯದೇನು?"

"ಇಲ್ಲಮ್ಮಾ. ಇದಕ್ಕ ಕಣ್ಣೇ ಇಲ್ಲ. ಒಳಗ ಬರೀ ಅಂಕಿ."

"ನೋಡಿಲ್ಲ ಅಂತ ಇದಕ್ಕ ಗೊತ್ತದೇನು?"

ನಾನು ಫೋನು ಬೋರಲು ಹಾಕಿಟ್ಟೆ. ಒಳಗೆ ಕಾರಕೂನ, ಹೊರಗೆ ನಾನು, ಇಬ್ಬರನ್ನೂ ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಿದ ಹಾಗೆ ಅನ್ನಿಸಿತು. ನಡುವೆ ಯಾವಾಗ ನೋಡ್ದಿ ಅಂತ ಕೇಳುವ ಚೇಳಿನಾಕಿ ಮಾತ್ರ ಇಲ್ಲ.

ಇರಲಿ. ಖಣಿಗೆ ಬಂದವಳು ಮಗುವನ್ನು ಕಾರಕೂನನ ಮುಖದ ಮುಂದೆ ಎತ್ತಿ ಹಿಡಿದೆ. ಅದು ಕಾಲು ಝಾಡಿಸಿತು. ಬಿಲ್ಲೆ ತೂಗಾಡಿತು. ಅವನು ಅದನ್ನು ತಿರುಗಿಸಿ ಬೆನ್ನಿನ ಅಂಕಿ ನೋಡಿದ. ಹಲಗೆ ನೋಡಿದ. ಅವನ ಮುಖ ಆಗ ಬೆಳ್ಳಗಾಯಿತು. ಮೊದಲ ಸಲ ಅವನೂ ಅಂಜಿದ.

"ಬಿಲ್ಲೆ ಸಿಕ್ತು" ಅಂದ. "ಆದ್ರ ಮನಷ್ಯಾ? ಬಿಲ್ಲೆ ಇಲ್ದೇನೂ ಇಳದಿರಬಹುದಲ್ಲ. ಪರಿಚಯದವರು ಒಮ್ಮೊಮ್ಮೆ ಮರತು ಬಂದು ಹಂಗೇ ಇಳೀತಾರ, ನಾನೂ ಬಿಡ್ತೀನಿ."

ಅದೂ ಖರೆ. ಮೊಳೆ ಈಗ ಏನೂ ಹೇಳುತ್ತಿರಲಿಲ್ಲ. ಇದ್ದಾನೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ.

ಮುಕಾದಮ ನನ್ನ ಕಡೆ ನೋಡಿದ. ಕೆಳಗೆ ಹಾರೆಯ ಸದ್ದು. ಪ್ರತಿ ಏಟಿಗೂ ಮೇಲಿನ ಗೋಡೆಯಿಂದ ಪುಡಿ ಮಣ್ಣು ಸುರಿಯುತ್ತಿತ್ತು. "ಏನ್ ಮಾಡ್ಲಿ ಹೇಳು, ತಂಗಿ. ಇದು ನಿನ್ನ ಮಾತಿನ ಮ್ಯಾಲ ಅದ."

ಮಣ್ಣಲ್ಲಿನ ಕೈ ಮತ್ತೆ ಕಂಡಿತು. ಬೆರಳು ಮಡಚಿ ಬಿಚ್ಚಿತು, ನನ್ನನ್ನು ಕರೆದ ಹಾಗೆ. ಮೆಟ್ಟಿಲ ಮೇಲಿನ ಗಂಡನೂ ಕಂಡ. ಎರಡಕ್ಕೂ ನಾನು ಕಣ್ಣು ಮುಚ್ಚಿದೆ, ಮುಚ್ಚಿದರೆ ಇನ್ನೂ ನಿಚ್ಚಳವಾದವು. ತೆರೆದು ಗೋಡೆ ನೋಡಿದೆ. ಗೋಡೆ ಒಂದೇ ಎಲ್ಲರಿಗೂ ಕಾಣುವಂಥದ್ದು. ಅದರ ಕೆಳಗೆ ಆರು ತಲೆ.

"ಹೊರಗ ಕರೀರಿ ಅವರ್ನ" ಅಂದೆ.

"ನಿನ್ನ ಗಂಡ ಒಳಗಿದ್ರ?"

"ಹೊರಗ ಕರೀರಿ ಅಂದ್ನಲ್ಲಾ."

ಮುಕಾದಮ ಸೀಟಿ ಊದಿದ. ಆರು ಮಂದಿ ಬಂದರು. ಚೇಳಿನಾಕಿಯ ಗಂಡ ಕೊನೆಗೆ ಬಂದ, ಸಿಟ್ಟಿನಲ್ಲಿ. "ಯಾರ್ ಬ್ಯಾಡಂದ್ರು? ಇನ್ನೊಂದು ಗಳಿಗಿ ಬಿಟ್ಟಿದ್ರ" ಅನ್ನುತ್ತಿದ್ದ. ಹೆಂಡತಿ ಅವನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಗಂಡಸರು ನೀರು ಕುಡಿದು ಬೀಡಿ ಹಚ್ಚುವುದರೊಳಗೆ ಗೋಡೆ ಬಿತ್ತು. ಅದೇ ಮೆತ್ತನೆಯ ಸದ್ದು. ಧೂಳು ಎದ್ದು ನಮ್ಮ ಬಾಯಲ್ಲಿ ತುಂಬಿತು. ಆರು ಮನೆಯ ಹೆಂಗಸರು ನನ್ನ ಕಡೆ ನೋಡಿದರು, ಆಮೇಲೆ ನೋಡಲಿಲ್ಲ. ಅವರ ಗಂಡಂದಿರು ಉಳಿದರು. ನನ್ನವನು ಕೆಳಗಿದ್ದರೆ ಅವನ ಮೇಲೆ ಮತ್ತೊಂದು ಮನೆಯಷ್ಟು ಮಣ್ಣು ಹಾಕಿಸಿದವಳು ನಾನೇ.

ಆಮೇಲಿನ ಹೊತ್ತು ಹೇಗೆ ಹೋಯಿತು ಅಂತ ಹೇಳಲು ಬರುವುದಿಲ್ಲ. ಅಲ್ಲೇ ಹುಣಸೆ ಮರದ ಕೆಳಗೆ ಕೂತೆ. ಮಗುವಿಗೆ ಹಾಲು ಕುಡಿಸಿದೆ. ಹಾಲು ಬರಲಿಲ್ಲ, ಅದು ಕಚ್ಚಿತು. ಚೇಳಿನಾಕಿ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟು, "ತಿನ್ನು" ಅಂದಳು. "ಅವ ಬಂದ ಮ್ಯಾಲ ಹೊಡೀಲಾಕರೇ ಕೈಯಾಗ ಶಕ್ತಿ ಬೇಕಲ್ಲ?" ನಾನು ತುತ್ತು ಮುರಿದೆ, ನುಂಗಲಿಲ್ಲ. ಮಾಲಕರಿಗೆ ಹೇಳಿ ಕಳಿಸಿದ್ದಾರೆ, ನಾಳೆ ಹೆಚ್ಚಿನ ಮಂದಿ ಬಂದು ಮಣ್ಣು ತೆಗೆಯುತ್ತಾರೆ ಅಂತ ಮಾತಾಡುತ್ತಿದ್ದರು. ಮಣ್ಣು ತೆಗೆಯುತ್ತಾರೆ ಅಂದದ್ದು ಕೇಳಿದೆ, ತೆಗೆದದ್ದು ಕಂಡೆ. ಅದೇ ನನ್ನ ರೋಗ. ಯಾರಾದರೂ ಬಾಯಿ ತೆರೆದರೆ ಸಾಕು, ನಾನು ನೋಡಿಬಿಡುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ರಸ್ತೆಯಲ್ಲಿ ಒಂದು ಲಾರಿ ನಿಂತಿತು. ಒಬ್ಬ ಇಳಿದು ನಡೆದು ಬಂದ. ನಾನು ಏಳಲಿಲ್ಲ. ಇಂಥವನ್ನು ಮುಂಜಾನೆಯಿಂದ ಎಷ್ಟೋ ನೋಡಿದ್ದೆ. ಇದೂ ಅದೇ ಅಂತ ತಿಳಿದೆ. ತಲೆಗೆ ರುಮಾಲು ಕೂಡ ಇರಲಿಲ್ಲ.

"ಯಾಕ, ಕೂಸಿನ ತಗೊಂಡು ಇಲ್ಲಿ ಕುಂತಿ?" ಅಂದ.

ನಾನು ಅವನ ಕೈ ಹಿಡಿದು ಹೆಬ್ಬೆರಳು ನೋಡಿದೆ. ಕಪ್ಪು ಉಗುರು ಇರಲಿಲ್ಲ. ಅದು ಹಿಂದಿನ ಬೇಸಿಗೆಯಲ್ಲೇ ಬಿದ್ದು ಹೊಸದು ಬಂದಿತ್ತು. ದಿನಾ ಆ ಕೈಗೆ ರೊಟ್ಟಿ ಕೊಟ್ಟವಳು ನಾನು, ಕಂಡಿರಲಿಲ್ಲ.

"ರುಮಾಲ ಎಲ್ಲಿ?"

"ಅಕ್ಕನ ತಲಿಗೆ ಸುತ್ತಿ ಬಂದೀನಿ. ಭಾಳ ಜ್ವರ ಇದ್ದವು, ಈಗ ಹಗರ. ಯಾಕ, ಏನಾಗ್ಯದ ಇಲ್ಲಿ?"

ಚೇಳಿನಾಕಿ ಆಗ ಬಾಯಿ ಬಿಟ್ಟಳು ನೋಡಿ. ಮುಂಜಾನೆಯಿಂದ ಕಟ್ಟಿಟ್ಟದ್ದೆಲ್ಲ ಅವನ ಮೇಲೆ ಸುರಿದಳು, ಅವನ ಅಕ್ಕ, ಅವನ ಅಮ್ಮ, ಅವನ ಗಿಳಿ ಯಾರನ್ನೂ ಬಿಡಲಿಲ್ಲ. ಅವನು ಕುಸಿದ ಮೂಲೆಯನ್ನೇ ನೋಡುತ್ತಾ ನಿಂತ. ಮುಕಾದಮ ಮೂಲೆ ಮತ್ತೊಬ್ಬನಿಗೆ ಕೊಡುವ ಮಾತು ಎತ್ತಲಿಲ್ಲ. ಕೊಡಲು ಮೂಲೆ ಇರಲಿಲ್ಲ.

ಮರುದಿನ ಮುಂಜಾನೆ ಅತ್ತೆ ಬಿಲ್ಲೆ ಬಿಡಲೊಲ್ಲಳು. "ನೋಡು, ಉಳಿಸ್ತೋ ಇಲ್ಲೋ?" ಅಂದಳು. ನಾನು ಕುಡಗೋಲಿನಿಂದ ಉಡದಾರ ಕೊಯ್ದು ಬಿಲ್ಲೆ ಗಂಡನ ಕೈಗೆ ಕೊಟ್ಟೆ. ಮಗುವಿಗೆ ಬೇರೆ ದಾರ ಕಟ್ಟಿದೆ. ಅವನು ಖಣಿಯ ಕಡೆ ಹೋದ. ಹೋಗುವುದನ್ನು ಬಾಗಿಲಲ್ಲಿ ನಿಂತು, ಕಣ್ಣು ಪಿಳುಕಿಸದೆ ನೋಡಿದೆ. ಆಮೇಲೆ ಕೊಡ ತೆಗೆದುಕೊಂಡು, ಬಾವಿಗೆ ಹೋಗದೆ, ರಸ್ತೆಗೆ ಹೋಗಿ ನಿಂತೆ.

ಸೇಡಮ್ಮಿನ ಬಸ್ಸು ಬಂತು. ಕೆಂಪೇ ಇತ್ತು. ಮುಂದೆ ಬಾಗಿಲಿರಲಿಲ್ಲ. ಬಾಗಿಲು ಹಿಂದೆ ಇತ್ತು. ಮುಂದೆ ಬಾಗಿಲಿದ್ದದ್ದು ನಮ್ಮ ಮದುವೆಗೆ ಮಾಡಿಸಿದ್ದ ಖಾಸಗಿ ಬಸ್ಸಿಗೆ. ಅದರ ಮೆಟ್ಟಿಲ ಮೇಲೆ ಅವನು ನಿಂತಿದ್ದ, ನಾನು ಕಿಟಕಿಯಿಂದ ಕದ್ದು ನೋಡಿದ್ದೆ. ನಿನ್ನೆ ಖಣಿಯಲ್ಲಿ ನನಗೆ ಕಂಡದ್ದು ಅದೇ.

"ಏ ಯವ್ವಾ, ಹತ್ತತಿಯೋ ಇಲ್ಲೋ?" ಅಂದ ಕಂಡಕ್ಟರ.

"ಇಲ್ಲ. ಬಾಗಿಲ ನೋಡಾಕ ಬಂದೀನಿ."

"ಬಾಗಿಲಾ?"

"ಹಿಂದ ಅದ ಏನು?"

"ಯಾವತ್ತೂ ಹಿಂದೇ ಅದ" ಅಂತ ನಕ್ಕು ಗಂಟೆ ಹೊಡೆದ. ಬಸ್ಸು ಹೋಯಿತು. ನಾನು ಬಾವಿಗೆ ಹೋಗಿ ಕೊಡ ತುಂಬಿಸಿಕೊಂಡು ಮನೆಗೆ ಬಂದೆ.